ಡಾ|| ಗ್ರೇಸ್ ಮಾರ್ಲೆ

ವಸ್ತುಪ್ರದರ್ಶನವೆಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಮೈಸೂರಿನ ದಸರಾ ವಸ್ತುಪ್ರದರ್ಶನ. ಅದು ಜಾತ್ರೆಯ ತಮ್ಮನಿದ್ದಂತೆ. ಬರುತ್ತದೆ, ಕೆಲವು ಕಾಲ ಇರುತ್ತದೆ, ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತದೆ. ವಸ್ತುಸಂಗ್ರಹಾಲಯವೆಂದರೆ ಅದಕ್ಕೆ ತೀರ ವಿರುದ್ಧ. ಅಲ್ಲಿ ಒಮ್ಮೆ ಇಟ್ಟದ್ದು ಇಟ್ಟಂತೆಯೇ ಧೂಳು ಹಿಡಿಯುತ್ತ ಕುಳಿತಿರಬೇಕೆಂದು ನಾನೂ ತಿಳಿದಿದ್ದೆ. ಹಾಗಲ್ಲವೆಂದು ತೋರಿಸಿಕೊಟ್ಟವರಲ್ಲಿ, ವಸ್ತುಸಂಗ್ರಹಾಲಯದ ಕೆಲಸ ಬಲ್ಲವರೆಲ್ಲ ಗೌರವದಿಂದ ನೆನೆಯುವ ಡಾ|| ಗ್ರೇಸ್ ಮೆಕ್‌ಕ್ಯಾನ್ ಮಾರ್ಲೆ ಒಬ್ಬರು. ದೆಹಲಿಯ ನಮ್ಮ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಈಗಿನ ಕಟ್ಟಡದಲ್ಲಿ ಪ್ರದರ್ಶನಕ್ಕೆ ಮೊದಲ ರೂಪು ಕೊಟ್ಟವರು ಅಮೆರಿಕದ ಈ ಮಹಿಳೆ ಎಂಬುದನ್ನು ಅರಿತಾಗ ನನಗೆ ಆಶ್ಚರ್ಯವಾಯಿತು.

ಆಕೆ ಹುಟ್ಟಿದ್ದು 1900ರಲ್ಲಿ, ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿಯೇ ಓದಿ, 1926ರಲ್ಲಿ ಪ್ಯಾರಿಸ್ಸಿನಿಂದ ಡಾಕ್ಟರೇಟ್ ಪಡೆದರು. ಕೆಲಕಾಲ ಅಧ್ಯಾಪಕಿ, ಆಮೇಲೆ ಸಿನ್ಸಿನಾಟಿಯ ಕಲಾ ಸಂಗ್ರಹಾಲಯದಲ್ಲಿ ಕೆಲಸ. 1935ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಲಾ ಸಂಗ್ರಹಾಲಯದ ಬಾಗಿಲು ತೆರೆದಾಗ ಅದರ ಮೊದಲ ನಿರ್ದೇಶಕರಾಗಿ ನಿಂತವರು ಆಕೆಯೇ.

ಸಂಗ್ರಹಾಲಯವೆಂಬ ಹೆಸರೇನೋ ಇತ್ತು, ಸಂಗ್ರಹ ಮಾತ್ರ ಅಷ್ಟಕ್ಕಷ್ಟೆ. ಯುದ್ಧದಲ್ಲಿ ಮಡಿದವರ ಸ್ಮಾರಕವಾಗಿ ಕಟ್ಟಿದ ಭವನದ ನಾಲ್ಕನೆಯ ಮಹಡಿ. ಆರ್ಥಿಕ ಮುಗ್ಗಟ್ಟಿನ ಕಾಲ. ದೊಡ್ಡ ಚಿತ್ರಗಳನ್ನು ಕೊಳ್ಳಲು ಹಣವೆಲ್ಲಿ? ಹಾಗೆಂದು ಆಕೆ ಕೈಕಟ್ಟಿ ಕೂಡಲಿಲ್ಲ. ಎರವಲು ತಂದರು. ಮನೆಗೆ ನೆಂಟರು ಬಂದಾಗ ಪಕ್ಕದ ಮನೆಯಿಂದ ಪಾತ್ರೆ ಪಡಗ ತರುವುದಿಲ್ಲವೆ, ಅದೇ ಯುಕ್ತಿ! ಕಲಾವಿದರಿಂದ, ಶ್ರೀಮಂತರ ಮನೆಗಳಿಂದ, ಬೇರೆ ಊರಿನ ಸಂಗ್ರಹಾಲಯಗಳಿಂದ ತಂದು, ಕೆಲವು ವಾರ ತೋರಿಸಿ, ಜೋಪಾನವಾಗಿ ಹಿಂತಿರುಗಿಸುವುದು. ಹೀಗೆ ವರ್ಷಕ್ಕೆ ನೂರಕ್ಕೂ ಮಿಕ್ಕಿ ಸಣ್ಣ ದೊಡ್ಡ ಪ್ರದರ್ಶನಗಳು ನಡೆದುವು. 1939ರಲ್ಲಿ, ಎರಡನೆಯ ಮಹಾಯುದ್ಧ ಹೊತ್ತಿಕೊಂಡ ವರ್ಷವೇ, ಪಿಕಾಸೋವಿನ ಗ್ವೆರ್ನಿಕಾ ಆ ಗೋಡೆಯ ಮೇಲೆ ತೂಗಿತ್ತು. ವಿಮಾನದಿಂದ ಬಾಂಬು ಸುರಿದು ಸುಟ್ಟ ಒಂದು ಊರಿನ ಚಿತ್ರ ಅದು. 1945ರಲ್ಲಿ, ಜಾಕ್ಸನ್ ಪೋಲಾಕ್ ಇನ್ನೂ ಲೋಕಪ್ರಸಿದ್ಧನಾಗದಿದ್ದಾಗ, ಅವನ ಚಿತ್ರಗಳನ್ನು ಕರೆದು ತೋರಿಸಿದ ಧೈರ್ಯವೂ ಆಕೆಯದೇ. ನೋಡಿದವರೆಲ್ಲ ಮೆಚ್ಚಿರಲಾರರು. ಮೆಚ್ಚದಿದ್ದರೇನು? ಗೋಡೆ ಮುಂದಿನ ತಿಂಗಳು ಮತ್ತೊಬ್ಬರದು.

ಇದೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿದ ಸಂಗತಿ ಬೇರೊಂದು. ಆ ಸಂಗ್ರಹಾಲಯ ರಾತ್ರಿ ಹತ್ತರವರೆಗೆ ತೆರೆದಿರುತ್ತಿತ್ತು. ಹಗಲೆಲ್ಲ ದುಡಿಯುವವನೂ ಬರಲೆಂಬ ಉದ್ದೇಶದಿಂದ ಮಾಡಿದ ಏರ್ಪಾಡು. ನಮ್ಮಪ್ಪ ಮಾರುಕಟ್ಟೆಯಲ್ಲಿ ಹಮಾಲಿ. ಚೀಲ ಇಳಿಸಿ ಮನೆ ಸೇರುವಾಗ ರಾತ್ರಿ ಎಂಟು. ನಾನು ಕಂಡ ಸಂಗ್ರಹಾಲಯಗಳೆಲ್ಲ ಸಂಜೆ ಐದಾರಕ್ಕೆ ಬೀಗ ಹಾಕುತ್ತವೆ. ಒಮ್ಮೆ ಅವ್ವನನ್ನು ಕರೆದುಕೊಂಡು ಒಂದು ಸಂಗ್ರಹಾಲಯಕ್ಕೆ ಹೋಗಿದ್ದೆ. ಆಕೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗಿದ್ದ ವಿಷ್ಣುವಿಗೆ ಕೈಮುಗಿದು, ಕುಂಕುಮಕ್ಕಾಗಿ ಅತ್ತಿತ್ತ ನೋಡಿದಳು. ಕಾವಲುಗಾರ ಗದರಿಸಿದ. ಅವ್ವ ಅಂದಿನಿಂದ ಅಂಥ ಕಡೆ ಬರುವುದಿಲ್ಲ.

ಮಾರ್ಲೆಯವರ ಕಥೆಗೆ ಬರೋಣ. 1940ರ ದಶಕದ ಕೊನೆಯಲ್ಲಿ ಆಕೆ ಯುನೆಸ್ಕೋದ ಸಂಗ್ರಹಾಲಯ ವಿಭಾಗವನ್ನು ಕಟ್ಟಿ ನಿಲ್ಲಿಸಿದರು. 1951ರಲ್ಲಿ ಟೆಲಿವಿಷನ್ನಿನಲ್ಲಿ ಕಲೆಯ ಪಾಠ ಆರಂಭಿಸಿದರು. 1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟರು. 1960ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಬೇರೆಯವರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಭಾರತಕ್ಕೆ ಬಂದರು.

ವಿಚಿತ್ರವೆಂದರೆ, ಆಕೆ ಬಂದು ಸೇರಿದ ಸಂಸ್ಥೆ ತಾನೇ ಒಂದು ತಾತ್ಕಾಲಿಕ ಪ್ರದರ್ಶನದ ಮಗು. 1947-48ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಭಾರತ, ಪಾಕಿಸ್ತಾನಗಳ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ದೇಶದ ನಾನಾ ಸಂಗ್ರಹಾಲಯಗಳು ಶಿಲ್ಪಗಳನ್ನೂ ಚಿತ್ರಗಳನ್ನೂ ಹಡಗು ಹತ್ತಿಸಿದ್ದುವು. ಅವು ಮರಳಿ ಬಂದಾಗ ಮನೆಗೆ ಕಳುಹಿಸುವ ಮೊದಲು ದೆಹಲಿಯ ಜನರೂ ನೋಡಲೆಂದು ಈಗಿನ ರಾಷ್ಟ್ರಪತಿ ಭವನದಲ್ಲಿ ಇಟ್ಟರು. ನೋಡಿದ ಮೇಲೆ ಕಳುಹಿಸಲು ಮನಸ್ಸಾಗಲಿಲ್ಲ. 1949ರ ಆಗಸ್ಟ್ 15ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಅಲ್ಲಿಯೇ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. ಎರವಲು ಕೊಟ್ಟ ಸಂಗ್ರಹಾಲಯಗಳು ಒಡವೆ ಬಿಟ್ಟುಕೊಡಲು ಹಿಂದೆಮುಂದೆ ನೋಡಿದ್ದು ಸಹಜವೇ. ನಾನು ಅವರ ಪಕ್ಷ. ರಾಷ್ಟ್ರದ ಹೆಸರಿನಲ್ಲಿ ಕೇಳಿದರೂ ಎರವಲು ಎರವಲೇ ಅಲ್ಲವೆ?

ಹೊಸ ಕಟ್ಟಡಕ್ಕೆ 1955ರಲ್ಲಿ ನೆಹರೂ ಅಡಿಗಲ್ಲಿಟ್ಟಿದ್ದರು. ಉಪರಾಷ್ಟ್ರಪತಿ ರಾಧಾಕೃಷ್ಣನ್ ಅವರು 1960ರ ಡಿಸೆಂಬರ್ 18ರಂದು ಅದನ್ನು ಉದ್ಘಾಟಿಸುವ ಹೊತ್ತಿಗೆ ಮಾರ್ಲೆ ನಿರ್ದೇಶಕರ ಕುರ್ಚಿಯಲ್ಲಿದ್ದರು. ಉಗ್ರಾಣದಂತೆ ತುಂಬುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಕೆಲವೇ ವಸ್ತು, ಸರಳ ಪೀಠ, ಹಿಂದೆ ಕಣ್ಣು ಕುಕ್ಕದ ಗೋಡೆ, ಸರಿಯಾದ ಬೆಳಕು ಎಂಬ ಹೊಸ ಕ್ರಮವನ್ನು ತಂದರು. ವರ್ಷಕ್ಕೆ ನೂರು ಪ್ರದರ್ಶನ ಜೋಡಿಸಿ ಬಿಚ್ಚಿದ ಕೈಗೆ ಇದು ತಿಳಿದ ಕೆಲಸ. ತರುಣರಿಗೆ ಈ ವಿದ್ಯೆಯಲ್ಲಿ ತರಬೇತಿ ಕೊಟ್ಟದ್ದು ಅಷ್ಟೇ ಮುಖ್ಯ. ಸ್ವತಂತ್ರ ಭಾರತಕ್ಕೆ ವಿದೇಶೀಯಳೇಕೆ ಎಂಬ ಪ್ರಶ್ನೆ ಯಾರಿಗಾದರೂ ಬಂದೀತು, ನನಗೂ ಬಂತು. ಆದರೆ 1966ರಲ್ಲಿ ಸಿ. ಶಿವರಾಮಮೂರ್ತಿಯಂಥ ವಿದ್ವಾಂಸರ ಕೈಗೆ ಸಂಸ್ಥೆಯನ್ನು ಒಪ್ಪಿಸಿದ ಮೇಲೂ ಆಕೆ ಊರಿಗೆ ಮರಳಲಿಲ್ಲ. ದೆಹಲಿಯಲ್ಲಿಯೇ ಉಳಿದು ಏಷ್ಯದ ಸಂಗ್ರಹಾಲಯಗಳಿಗಾಗಿ ದುಡಿದರು. 1982ರಲ್ಲಿ ಪದ್ಮಭೂಷಣ ಬಂತು. 1985ರಲ್ಲಿ ಅಲ್ಲಿಯೇ ತೀರಿಕೊಂಡರು.

ಆಕೆಯ ತರುವಾಯವೂ ಆ ಕಟ್ಟಡದಲ್ಲಿ ಬಂದುಹೋಗುವ ಪ್ರದರ್ಶನಗಳು ನಿಂತಿಲ್ಲ. 1997ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಸ್ತುಗಳು ಬಂದುವು. 2001ರಲ್ಲಿ ಹೈದರಾಬಾದ್ ನಿಜಾಮರ ಒಡವೆಗಳು. 2015ರಲ್ಲಿ ದಖ್ಖಣದ ಕಲೆಗಳಿಗಾಗಿಯೇ ಒಂದು ಪ್ರದರ್ಶನ ನಡೆದು, ಅದಕ್ಕೆ ನವರಸ್ ಎಂದು ಹೆಸರಿಟ್ಟರು. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನಿಗೆ ಬಲು ಪ್ರಿಯವಾಗಿದ್ದ ಶಬ್ದ ಅದು. ಬಿಜಾಪುರದಲ್ಲಿ ಅದನ್ನು ಕಂಡವರು ಎಷ್ಟು ಮಂದಿಯೋ!

ಹೋದ ವರ್ಷ ಶೈಕ್ಷಣಿಕ ಪ್ರವಾಸದಲ್ಲಿ ದೆಹಲಿಗೆ ಹೋದಾಗ, ಆ ಸಂಗ್ರಹಾಲಯದಲ್ಲಿ ಐಹೊಳೆಯ ಗಂಧರ್ವರನ್ನು ಕಂಡೆ. ಚಾಲುಕ್ಯರ ಕಾಲದ ಕಲ್ಲು. ಆಕಾಶದಲ್ಲಿ ತೇಲುವ ಜೋಡಿ. ನಮ್ಮೂರಿನಿಂದ ಐಹೊಳೆಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಈ ಗಂಧರ್ವರನ್ನು ಕಾಣಲು ನಾನು ಎರಡು ರಾತ್ರಿ ರೈಲಿನಲ್ಲಿ ಕುಳಿತು ಬಂದಿದ್ದೆ. ಹತ್ತಿರ ಹೋಗಿ ನಿಂತೆ, ಯಾರೂ ಗದರಿಸಲಿಲ್ಲ. ಇವರು ಒಂದು ತಿಂಗಳ ಮಟ್ಟಿಗೆ, ಎರವಲಾಗಿಯಾದರೂ, ಬಾಗಲಕೋಟೆಗೆ ಬಂದರೆ, ಬಾಗಿಲನ್ನು ರಾತ್ರಿ ಹತ್ತರವರೆಗೆ ತೆರೆದಿಟ್ಟರೆ, ಅಪ್ಪ ಚೀಲ ಇಳಿಸಿ ಕೈಕಾಲು ತೊಳೆದುಕೊಂಡು ಬರಬಹುದು ಎಂದು ಲೆಕ್ಕ ಹಾಕುತ್ತ ನಿಂತಿದ್ದೆ. ಅಷ್ಟರಲ್ಲಿ ನಮ್ಮ ಉಪನ್ಯಾಸಕರು ಬಸ್ಸಿಗೆ ಹೊತ್ತಾಯಿತೆಂದು ಕೂಗಿದರು.