ಮಿಕ್ಕಿಯನ್ನು ಪತ್ರಿಕೆಗೆ ತಂದ ಅನಾಮಿಕ: ಫ್ಲಾಯ್ಡ್ ಗಾಟ್‌ಫ್ರೆಡ್ಸನ್

ಮಿಕ್ಕಿ ಮೌಸ್ ಎಂದೊಡನೆ ನೆನಪಾಗುವ ಹೆಸರು ವಾಲ್ಟ್ ಡಿಸ್ನಿಯವರದು. ಆದರೆ ಅಮೆರಿಕದ ದಿನಪತ್ರಿಕೆಗಳಲ್ಲಿ ನಾಲ್ಕೂವರೆ ದಶಕಗಳ ಕಾಲ ಮಿಕ್ಕಿಯನ್ನು ಓದುಗರ ಮನೆಬಾಗಿಲಿಗೆ ತಲುಪಿಸಿದ ಕಲಾವಿದ ಬೇರೆಯೇ ಒಬ್ಬರು. ಅವರೇ ಫ್ಲಾಯ್ಡ್ ಗಾಟ್‌ಫ್ರೆಡ್ಸನ್. ಚಿತ್ರಪಟ್ಟಿಯ ಕೆಳಗೆ ದಿನವೂ ಡಿಸ್ನಿಯವರ ಸಹಿ ಅಚ್ಚಾಗುತ್ತಿತ್ತು. ಹಾಗಾಗಿ ಕೋಟ್ಯಂತರ ಓದುಗರಿಗೆ ಗಾಟ್‌ಫ್ರೆಡ್ಸನ್ ಎಂಬ ಹೆಸರೇ ತಿಳಿದಿರಲಿಲ್ಲ.

1905ರ ಮೇ 5ರಂದು ಅಮೆರಿಕದ ಯೂಟಾ ರಾಜ್ಯದ ಕೇಸ್‌ವಿಲ್‌ನಲ್ಲಿ ಅವರ ಜನನ. ಡೆನ್ಮಾರ್ಕ್ ಮೂಲದ ದೊಡ್ಡ ಕುಟುಂಬ. ಬಾಲ್ಯ ಕಳೆದದ್ದು ಸಿಗರ್ಡ್ ಎಂಬ ಪುಟ್ಟ ಊರಿನಲ್ಲಿ. ಹನ್ನೊಂದರ ವಯಸ್ಸಿನಲ್ಲಿ ಬೇಟೆಗೆ ಹೋದಾಗ ಸಂಭವಿಸಿದ ಬಂದೂಕಿನ ಅವಘಡ ಅವರ ತೋಳನ್ನು ತೀವ್ರವಾಗಿ ಘಾಸಿಗೊಳಿಸಿತು. ಓರಗೆಯ ಹುಡುಗರು ಬಯಲಿನಲ್ಲಿ ಆಡುತ್ತಿದ್ದಾಗ ಈ ಬಾಲಕ ಮನೆಯೊಳಗೆ ಉಳಿಯಬೇಕಾಯಿತು. ಆಗ ಜೊತೆಯಾದದ್ದು ಚಿತ್ರಕಲೆ. ಅಂಚೆ ಶಿಕ್ಷಣದ ಮೂಲಕ ವ್ಯಂಗ್ಯಚಿತ್ರದ ಪಾಠಗಳನ್ನು ಕಲಿತ ಅವರು, ಗಾಯಗೊಂಡ ತೋಳಿನ ಮಿತಿಗೆ ತಕ್ಕಂತೆ ರೇಖೆ ಎಳೆಯುವುದನ್ನು ರೂಢಿಸಿಕೊಂಡರು.

ಇಪ್ಪತ್ತರ ದಶಕದ ಕೊನೆಯಲ್ಲಿ ಸಾಲ್ಟ್ ಲೇಕ್ ಸಿಟಿಯ ಟೆಲಿಗ್ರಾಮ್ ಪತ್ರಿಕೆಗೆ ಹಾಗೂ ಕೆಲವು ವೃತ್ತಿ ನಿಯತಕಾಲಿಕೆಗಳಿಗೆ ವ್ಯಂಗ್ಯಚಿತ್ರ ಬರೆದರು. 1928ರಲ್ಲಿ ಸಂಸಾರ ಸಮೇತ ಕ್ಯಾಲಿಫೋರ್ನಿಯಾಕ್ಕೆ ಬಂದರು. ಆದರೆ ಅಲ್ಲಿ ಹೊಟ್ಟೆಪಾಡಿಗೆ ಒದಗಿದ್ದು ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುವ ಕೆಲಸ. 1929ರ ಡಿಸೆಂಬರ್‌ನಲ್ಲಿ ಡಿಸ್ನಿ ಸ್ಟುಡಿಯೋದ ಬಾಗಿಲು ತೆರೆಯಿತು. ಅವರಿಗೆ ಆಸೆಯಿದ್ದುದು ಪತ್ರಿಕೆಯ ಕಾಮಿಕ್ಸ್ ಮೇಲೆ. ಡಿಸ್ನಿ ಅವರನ್ನು ಒಪ್ಪಿಸಿ ಸೇರಿಸಿಕೊಂಡದ್ದು ಅನಿಮೇಷನ್ ವಿಭಾಗಕ್ಕೆ.

<b>ಎರಡು ವಾರದ ಕೆಲಸ</b>

ಮಿಕ್ಕಿಯ ದೈನಿಕ ಚಿತ್ರಪಟ್ಟಿ ಆರಂಭವಾದದ್ದು 1930ರ ಜನವರಿ 13ರಂದು. ಕಥೆ ವಾಲ್ಟ್ ಡಿಸ್ನಿಯವರದು, ಚಿತ್ರ ಅಬ್ ಐವರ್ಕ್ಸ್ ಅವರದು. ಮೊದಲ ಕಂತುಗಳ ಹಾಸ್ಯವನ್ನು 'ಪ್ಲೇನ್ ಕ್ರೇಜಿ' ಎಂಬ ಅನಿಮೇಷನ್ ಚಿತ್ರದಿಂದಲೇ ಎತ್ತಿಕೊಳ್ಳಲಾಗಿತ್ತು. ಕೆಲವೇ ವಾರಗಳಲ್ಲಿ ಐವರ್ಕ್ಸ್ ಸ್ಟುಡಿಯೋ ತೊರೆದರು. ಅವರ ಬಳಿಕ ಬಂದ ವಿನ್ ಸ್ಮಿತ್ ಕೂಡ ಹೆಚ್ಚು ದಿನ ನಿಲ್ಲಲಿಲ್ಲ. ಬೇರೊಬ್ಬರು ಸಿಗುವವರೆಗೆ ಎರಡು ವಾರ ನೋಡಿಕೊಳ್ಳುವಂತೆ ಡಿಸ್ನಿ ಗಾಟ್‌ಫ್ರೆಡ್ಸನ್ ಅವರಿಗೆ ಸೂಚಿಸಿದರು. ಅವರ ಮೊದಲ ಪಟ್ಟಿ ಪ್ರಕಟವಾದದ್ದು 1930ರ ಮೇ 5ರಂದು, ಅಂದರೆ ಅವರ ಇಪ್ಪತ್ತೈದನೆಯ ಹುಟ್ಟುಹಬ್ಬದ ದಿನ. ಬದಲಿ ಕಲಾವಿದ ಬರಲೇ ಇಲ್ಲ. ಸ್ವಲ್ಪ ದಿನಗಳಲ್ಲೇ ಕಥೆ ಹೆಣೆಯುವ ಹೊಣೆಯೂ ಅವರ ಹೆಗಲಿಗೇರಿತು.

ತೆರೆಯ ಮೇಲಿನ ಮಿಕ್ಕಿಯನ್ನು ಕಾಗದಕ್ಕೆ ತರುವುದು ಸುಲಭದ ಮಾತಾಗಿರಲಿಲ್ಲ. ಕೆಲವೇ ನಿಮಿಷಗಳ ಚಿತ್ರ ನಿಂತಿದ್ದುದು ಸಂಗೀತ, ಓಟ ಮತ್ತು ಲಯದ ಮೇಲೆ. ಪತ್ರಿಕೆಯ ಪಟ್ಟಿಗೆ ಇವು ಯಾವುವೂ ಇಲ್ಲ. ಅಲ್ಲಿರುವುದು ದಿನಕ್ಕೆ ಕೆಲವೇ ಚೌಕಗಳು. ಕೊನೆಯ ಚೌಕ ಓದುಗನನ್ನು ಮರುದಿನವೂ ಪತ್ರಿಕೆ ಕೊಳ್ಳುವಂತೆ ಮಾಡಬೇಕು. ವಿತರಣೆ ಮಾಡುತ್ತಿದ್ದ ಕಿಂಗ್ ಫೀಚರ್ಸ್ ಸಂಸ್ಥೆಗೂ ಧಾರಾವಾಹಿ ಕಥೆಯೇ ಬೇಕಿತ್ತು. ಗಾಟ್‌ಫ್ರೆಡ್ಸನ್ ಚಿತ್ರದ ಹಾಸ್ಯ ಪ್ರಸಂಗವನ್ನು ಬೀಜವಾಗಿಟ್ಟುಕೊಂಡು ಅದರ ಸುತ್ತ ತಿಂಗಳುಗಟ್ಟಲೆ ಸಾಗುವ ಸಾಹಸವನ್ನು ಬೆಳೆಸಿದರು.

1932ರಿಂದ ಭಾನುವಾರದ ಬಣ್ಣದ ಪುಟವೂ ಅವರ ಪಾಲಿಗೆ ಬಂತು. 'ಜೈಂಟ್‌ಲ್ಯಾಂಡ್' ಚಿತ್ರ 1934ರಲ್ಲಿ ದೈತ್ಯ ರಂಪಲ್‌ವಾಟ್‌ನ ಕಥೆಯಾಗಿ ಆ ಪುಟದಲ್ಲಿ ಮರುಹುಟ್ಟು ಪಡೆಯಿತು. ಕೆಲವೊಮ್ಮೆ ಪತ್ರಿಕೆಯೇ ತೆರೆಗಿಂತ ಮುಂದಿರುತ್ತಿತ್ತು. 'ಲೋನ್‌ಸಮ್ ಘೋಸ್ಟ್ಸ್' ಚಿತ್ರ ತೆರೆ ಕಂಡದ್ದು 1937ರ ಕೊನೆಯಲ್ಲಿ. ಅದಕ್ಕೆ ಸಂಬಂಧಿಸಿದ ಏಳು ದೆವ್ವಗಳ ಕಥೆಯನ್ನು ಓದುಗರು 1936ರಲ್ಲೇ ಓದಿದ್ದರು. ಮಿಕ್ಕಿಯ ಸೋದರಳಿಯಂದಿರಾದ ಮಾರ್ಟಿ ಮತ್ತು ಫರ್ಡಿ ಮೊದಲು ಕಾಣಿಸಿಕೊಂಡದ್ದು 1932ರ ಭಾನುವಾರದ ಪುಟದಲ್ಲಿ. ಅವರು ಚಲನಚಿತ್ರಕ್ಕೆ ಬಂದದ್ದು ಎರಡು ವರ್ಷಗಳ ನಂತರ.

<b>ಪತ್ತೇದಾರ ಮಿಕ್ಕಿ</b>

ತೆರೆಯ ಮೇಲಿನ ಮಿಕ್ಕಿ ದಿನಕಳೆದಂತೆ ಸೌಮ್ಯನಾಗುತ್ತ ಹೋದ. ಆದರೆ ಗಾಟ್‌ಫ್ರೆಡ್ಸನ್ ಅವರ ಮಿಕ್ಕಿ ಹೆದರಿದರೂ ಹಿಂದೆಗೆಯದ ಪುಟ್ಟ ಸಾಹಸಿಯಾಗಿಯೇ ಉಳಿದ. 1939ರಲ್ಲಿ ಕರಿಮುಸುಕಿನ ಖಳನಾಯಕ ಫ್ಯಾಂಟಮ್ ಬ್ಲಾಟ್ ಎದುರು ಪತ್ತೇದಾರಿಕೆಗಿಳಿದ ಮಿಕ್ಕಿಯ ಕಥೆ ಇಂದಿಗೂ ಕಾಮಿಕ್ಸ್ ಪ್ರಿಯರ ನೆಚ್ಚಿನದು. ಸಂಭಾಷಣೆಯಲ್ಲಿ ಟೆಡ್ ಆಸ್ಬೋರ್ನ್, ಮೆರಿಲ್ ಡಿ ಮ್ಯಾರಿಸ್, ನಂತರ ಬಿಲ್ ವಾಲ್ಷ್ ಕೈಜೋಡಿಸಿದರು. 1940ರ ದಶಕದ ಮಧ್ಯದವರೆಗೆ ಸ್ಟುಡಿಯೋದ ಚಿತ್ರಪಟ್ಟಿ ವಿಭಾಗದ ಮೇಲ್ವಿಚಾರಣೆಯೂ ಗಾಟ್‌ಫ್ರೆಡ್ಸನ್ ಅವರದಾಗಿತ್ತು.

1955ರಲ್ಲಿ ಕಾಲ ಬದಲಾಯಿತು. ಧಾರಾವಾಹಿ ನಿಲ್ಲಿಸಿ ದಿನಕ್ಕೊಂದು ನಗೆಚಟಾಕಿ ನೀಡುವಂತೆ ಕಿಂಗ್ ಫೀಚರ್ಸ್ ಸೂಚಿಸಿತು. ಇಪ್ಪತ್ತೈದು ವರ್ಷ ಕಟ್ಟಿ ಬೆಳೆಸಿದ ಸಾಹಸಲೋಕ ಅಲ್ಲಿಗೆ ಮುಗಿಯಿತು. ಆದರೂ ಅವರು ಮಂಡಳಿ ಬಿಟ್ಟೇಳಲಿಲ್ಲ. ಮತ್ತೆ ಇಪ್ಪತ್ತು ವರ್ಷ ಅದೇ ನಿಷ್ಠೆಯಿಂದ ಬರೆದು, 1975ರ ಅಕ್ಟೋಬರ್‌ನಲ್ಲಿ ಎಪ್ಪತ್ತರ ವಯಸ್ಸಿನಲ್ಲಿ ನಿವೃತ್ತರಾದರು. ಅವರ ಕೊನೆಯ ದೈನಿಕ ಪಟ್ಟಿ ಅಚ್ಚಾದದ್ದು ಅದೇ ನವೆಂಬರ್ 15ರಂದು.

ಸಹಿಯಿಲ್ಲದ ಈ ಕಲಾವಿದನನ್ನು ಬೆಳಕಿಗೆ ತಂದವರು ಅಭಿಮಾನಿಗಳು. ಚಿಕ್ಕಂದಿನಲ್ಲಿ ಓದಿದ ಕಥೆಗಳ ಕರ್ತೃ ಯಾರೆಂದು ಹುಡುಕಿದವರು 1960ರ ದಶಕದಲ್ಲಿ ಅವರನ್ನು ಪತ್ತೆಹಚ್ಚಿದರು. ಇಟಲಿಯ ಹೆಸರಾಂತ ಕಲಾವಿದ ರೊಮಾನೊ ಸ್ಕಾರ್ಪಾ ಅವರು ತಮ್ಮ ಮಿಕ್ಕಿ ಕಥೆಗಳನ್ನು ಗಾಟ್‌ಫ್ರೆಡ್ಸನ್ ಹಾದಿಯಲ್ಲೇ ಮುಂದುವರಿಸಿದರು. ನಿವೃತ್ತಿಯ ನಂತರ ಅಭಿಮಾನಿಗಳ ಕೋರಿಕೆಯ ಮೇರೆಗೆ ಹಳೆಯ ಸಾಹಸಗಳನ್ನು ವರ್ಣಚಿತ್ರಗಳಾಗಿ ಚಿತ್ರಿಸಿದ ಅವರು, 1986ರ ಜುಲೈ 22ರಂದು ಕ್ಯಾಲಿಫೋರ್ನಿಯಾದಲ್ಲಿ ಕೊನೆಯುಸಿರೆಳೆದರು.

ಡಿಸ್ನಿ ಸಂಸ್ಥೆ 2003ರಲ್ಲಿ ಅವರನ್ನು ಡಿಸ್ನಿ ಲೆಜೆಂಡ್ ಎಂದು ಗೌರವಿಸಿತು. 2006ರಲ್ಲಿ ವಿಲ್ ಐಸ್ನರ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು. 2011ರಿಂದ ಫ್ಯಾಂಟಗ್ರಾಫಿಕ್ಸ್ ಪ್ರಕಾಶನ ಮಿಕ್ಕಿಯ ಹಳೆಯ ಪಟ್ಟಿಗಳನ್ನು ಸಂಪುಟಗಳಲ್ಲಿ ಹೊರತಂದಿತು. ಬದುಕಿದ್ದಾಗ ಪಟ್ಟಿಯ ಕೆಳಗೆ ಕಾಣದಿದ್ದ ಹೆಸರು ಕೊನೆಗೂ ಪುಸ್ತಕದ ಮುಖಪುಟದ ಮೇಲೆ ಬಂತು. ಅದನ್ನು ನೋಡಲು ಅವರಿರಲಿಲ್ಲ.