ಫ್ರೀಡ್ರಿಕ್ ವಿಲ್ಹೆಲ್ಮ್ ಬೆಸೆಲ್ (1784-1846)

ಗಣಿತ, ಭೌತಶಾಸ್ತ್ರ ಹಾಗೂ ಎಂಜಿನಿಯರಿಂಗ್ ವಿಷಯಗಳಲ್ಲಿ ವ್ಯಾಸಂಗ ಮಾಡಿದವರಿಗೆ ಬೆಸೆಲ್ ಫಲನಗಳ ಹೆಸರು ಪರಿಚಿತವಾದುದು. ಆ ಹೆಸರಿನ ಹಿಂದಿರುವ ವ್ಯಕ್ತಿಯು ವಿಶ್ವವಿದ್ಯಾನಿಲಯದಲ್ಲಿ ಓದದೆ, ವ್ಯಾಪಾರ ಸಂಸ್ಥೆಯೊಂದರ ಲೆಕ್ಕದ ಮೇಜಿನಿಂದ ಬಂದವರೆಂಬುದು ಅಷ್ಟಾಗಿ ತಿಳಿದಿಲ್ಲ.

ಬೆಸೆಲ್ ಅವರು ಇಂದಿನ ಜರ್ಮನಿಯ ಮಿಂಡೆನ್ ನಗರದಲ್ಲಿ 22-7-1784ರಂದು ಜನಿಸಿದರು. ತಂದೆ ಸರ್ಕಾರಿ ನೌಕರರು. ಒಂಬತ್ತು ಮಕ್ಕಳ ಸಂಸಾರ. ಲ್ಯಾಟಿನ್ ಪಾಠ ಒಗ್ಗದೆ 14ನೇ ವಯಸ್ಸಿನಲ್ಲಿ ಶಾಲೆ ತೊರೆದ ಬಾಲಕನು 1799ರಲ್ಲಿ ಬ್ರೆಮೆನ್ ಬಂದರಿನ ಕುಲೆನ್‌ಕಾಂಪ್ ವ್ಯಾಪಾರ ಸಂಸ್ಥೆಗೆ ಏಳು ವರ್ಷಗಳ ವೇತನರಹಿತ ತರಬೇತಿ ಗುಮಾಸ್ತನಾಗಿ ಸೇರಿದನು. ಲೆಕ್ಕ ಬರೆಯುವ ಅಚ್ಚುಕಟ್ಟನ್ನು ಮೆಚ್ಚಿ ಸಂಸ್ಥೆಯು ಸ್ವಲ್ಪ ಸಂಬಳವನ್ನೂ ನೀಡತೊಡಗಿತು. ಹಡಗು ವ್ಯಾಪಾರಕ್ಕೆ ನೌಕಾಯಾನ ತಿಳಿದಿರಬೇಕು, ಅದಕ್ಕೆ ರೇಖಾಂಶ ನಿರ್ಣಯ ಬೇಕು, ರೇಖಾಂಶಕ್ಕೆ ನಕ್ಷತ್ರಗಳ ಜ್ಞಾನ ಬೇಕು. ಹೀಗೆ ಬೆಸೆಲ್ ಖಗೋಳಶಾಸ್ತ್ರಕ್ಕೆ ಬಂದರು. 1607ರ ವೀಕ್ಷಣೆಗಳನ್ನು ಆಧರಿಸಿ ಹ್ಯಾಲಿ ಧೂಮಕೇತುವಿನ ಕಕ್ಷೆಯನ್ನು ಗಣಿಸಿ, 1804ರಲ್ಲಿ ಅದೇ ಊರಿನ ವೈದ್ಯ ಹಾಗೂ ಖಗೋಳಜ್ಞ ಓಲ್ಬರ್ಸ್ ಅವರಿಗೆ ಒಪ್ಪಿಸಿದರು. ಅದು ಪ್ರಕಟಣೆಗೆ ಅರ್ಹವೆಂದು ಓಲ್ಬರ್ಸ್ ಶಿಫಾರಸು ಮಾಡಿದರು.

1806ರಲ್ಲಿ ಬೆಸೆಲ್ ಕಠಿಣವಾದ ಆಯ್ಕೆಯನ್ನು ಎದುರಿಸಬೇಕಾಯಿತು. ವ್ಯಾಪಾರದಲ್ಲಿ ಸಂಪತ್ತು ಖಚಿತವಾಗಿತ್ತು. ಲಿಲಿಯೆಂತಾಲ್ ವೀಕ್ಷಣಾಲಯದ ಸಹಾಯಕ ಹುದ್ದೆಯಲ್ಲಿ ಬಡತನವೇ ಖಚಿತ. ಬಹಳ ಯೋಚಿಸಿ ಅವರು ಎರಡನೆಯದನ್ನು ಆರಿಸಿಕೊಂಡರು. ಮುಂದೆ ಪ್ರಷ್ಯದ ದೊರೆಯು ಕೋನಿಗ್ಸ್‌ಬರ್ಗ್ (ಇಂದಿನ ರಷ್ಯದ ಕಲಿನಿನ್‌ಗ್ರಾಡ್) ವೀಕ್ಷಣಾಲಯದ ನಿರ್ದೇಶಕರನ್ನಾಗಿ ಅವರನ್ನು ನೇಮಿಸಿದಾಗ ಪದವಿ ಇಲ್ಲದ ತೊಡಕು ಎದುರಾಯಿತು. ಗಾಸ್ ಅವರ ಶಿಫಾರಸಿನ ಮೇರೆಗೆ ಗಾಟಿಂಗೆನ್ ವಿಶ್ವವಿದ್ಯಾನಿಲಯವು ಡಾಕ್ಟರೇಟ್ ನೀಡಿ ಅದನ್ನು ನಿವಾರಿಸಿತು. 1838ರಲ್ಲಿ 61 ಸಿಗ್ನಿ ಎಂಬ ನಕ್ಷತ್ರದ ದೂರವನ್ನು ಅಳೆದುದು ಅವರ ಅತ್ಯಂತ ಪ್ರಸಿದ್ಧ ಕಾರ್ಯ. ಪ್ರಷ್ಯದ ಅಧಿಕೃತ ಉದ್ದಮಾನವನ್ನು ನಿಷ್ಕರ್ಷಿಸಿದವರೂ ಅವರೇ. 17-3-1846ರಂದು ಕೋನಿಗ್ಸ್‌ಬರ್ಗ್‌ನಲ್ಲಿ ನಿಧನರಾದರು.

ಫಲನವೆಂದರೆ ಒಂದು ಸಂಖ್ಯೆಯನ್ನು ಕೊಟ್ಟಾಗ ನಿಯಮಾನುಸಾರ ಇನ್ನೊಂದು ಸಂಖ್ಯೆಯನ್ನು ನೀಡುವ ಸಂಬಂಧ. ಬೆಸೆಲ್ ಹೆಸರಿನ ಫಲನಗಳು ಅವರಿಗಿಂತ ಮೊದಲೇ ಅಲ್ಲಲ್ಲಿ ಕಾಣಿಸಿಕೊಂಡಿದ್ದವು. 1730ರ ದಶಕದಲ್ಲಿ ತೂಗುಬಿಟ್ಟ ಸರಪಳಿಯ ಓಲಾಟವನ್ನು ಪರಿಶೀಲಿಸಿದ ಡೇನಿಯಲ್ ಬರ್ನೂಲಿ, 1760ರ ದಶಕದಲ್ಲಿ ಚರ್ಮವಾದ್ಯದ ಕಂಪನವನ್ನು ಗಣಿಸಿದ ಆಯ್ಲರ್, 1822ರ ತಮ್ಮ ಗ್ರಂಥದಲ್ಲಿ ಉರುಳೆಯೊಳಗಿನ ಶಾಖದ ಹರಿವನ್ನು ವಿವರಿಸಿದ ಫೂರಿಯೆ, ಮೂವರೂ ಅವನ್ನು ಎದುರುಗೊಂಡಿದ್ದರು. ಬೇರೆ ಬೇರೆ ಪುಸ್ತಕಗಳಲ್ಲಿ ಬಿಡಿಬಿಡಿಯಾಗಿ ಬರೆದ ಒಂದೇ ಖಾತೆಯ ಲೆಕ್ಕದಂತೆ ಅವು ಉಳಿದಿದ್ದವು.

ಗ್ರಹವು ಸೂರ್ಯನ ಸಮೀಪ ವೇಗವಾಗಿ, ದೂರದಲ್ಲಿ ನಿಧಾನವಾಗಿ ಚಲಿಸುತ್ತದೆ. ಇಂತಿಷ್ಟು ಹೊತ್ತಿಗೆ ಅದು ಎಲ್ಲಿರುವುದೆಂಬುದನ್ನು ಶ್ರೇಣಿಯ ರೂಪದಲ್ಲಿ ಬರೆದಾಗ ಪ್ರತಿ ಪದದ ಗುಣಕವಾಗಿ ಈ ಫಲನಗಳೇ ಬರುತ್ತವೆ. 1824ರ ಪ್ರಬಂಧದಲ್ಲಿ ಬೆಸೆಲ್ ಅವನ್ನು ಒಂದು ಕುಟುಂಬವೆಂದು ಪರಿಗಣಿಸಿ ಕ್ರಮಬದ್ಧವಾಗಿ ಅಭ್ಯಸಿಸಿದರು. ಅಕ್ಕಪಕ್ಕದ ಎರಡು ದರ್ಜೆಗಳ ಬೆಲೆ ತಿಳಿದರೆ ಉಳಿದ ದರ್ಜೆಗಳನ್ನು ಪಡೆಯುವ ಸೂತ್ರವನ್ನೂ, ಬೆಲೆಗಳ ಕೋಷ್ಟಕವನ್ನೂ ಒದಗಿಸಿದರು. ಗುಮಾಸ್ತಿಕೆಯ ವರ್ಷಗಳು ಇಲ್ಲಿ ವ್ಯರ್ಥವಾಗಲಿಲ್ಲವೆನ್ನಬಹುದು. ಅನಂತರ ಈ ಕುಟುಂಬ ಇನ್ನಷ್ಟು ವಿಸ್ತಾರವಾಯಿತು. ಅರ್ಧ ದರ್ಜೆಯ ಬೆಸೆಲ್ ಫಲನವು ಶಾಲೆಯಲ್ಲಿ ಕಲಿಯುವ ಸೈನ್ ಫಲನವನ್ನು ಬದಲಾಗುವ ಗುಣಕವೊಂದರಿಂದ ಗುಣಿಸಿದ್ದಷ್ಟೇ ಆಗಿದೆ. ಕಾಮನಬಿಲ್ಲಿನ ಬೆಳಕನ್ನು ವಿವರಿಸುವ ಏರಿ ಫಲನವು ಮೂರನೇ ಒಂದರ ದರ್ಜೆಯವುಗಳಿಂದ ದೊರೆಯುತ್ತದೆ. 1922ರಲ್ಲಿ ವಾಟ್ಸನ್ ಈ ವಿಷಯವೊಂದರ ಮೇಲೆಯೇ ಸುಮಾರು 800 ಪುಟಗಳ ಗ್ರಂಥವನ್ನು ಪ್ರಕಟಿಸಿದರು.

ಶೂನ್ಯ ದರ್ಜೆಯ ಬೆಸೆಲ್ ಫಲನವು ಮೊದಲಿಗೆ ಸೊನ್ನೆಯಾಗುವುದು 2.405ರ ಸಮೀಪದಲ್ಲಿ. ವೃತ್ತಾಕಾರದ ಚರ್ಮವಾದ್ಯದ ಅತಿ ಕೆಳಗಿನ ಸ್ವರವನ್ನು ನಿರ್ಧರಿಸುವುದು ಈ ಸಂಖ್ಯೆ. ಮೇಲಿನ ಸ್ವರಗಳು ಅದರ 1.59, 2.14, 2.30 ಪಟ್ಟು ಇರುವುದರಿಂದ, ಅಂದರೆ ಪೂರ್ಣಾಂಕಗಳಲ್ಲದಿರುವುದರಿಂದ, ಸಾಮಾನ್ಯ ಡೋಲಿಗೆ ಶ್ರುತಿ ಕೂಡುವುದಿಲ್ಲ. ಮೃದಂಗದ ಕಪ್ಪು ಲೇಪನವು ಈ ಅನುಪಾತಗಳನ್ನು ಪೂರ್ಣಾಂಕಗಳ ಬಳಿಗೆ ತರುವುದನ್ನು ಸರ್ ಸಿ.ವಿ. ರಾಮನ್ ಅವರು 1920ರಲ್ಲಿಯೂ, 1934ರಲ್ಲಿ ಬೆಂಗಳೂರಿನಿಂದ ಪ್ರಕಟವಾದ ಪ್ರಬಂಧದಲ್ಲಿಯೂ ವಿವರಿಸಿದ್ದಾರೆ.

ಅದೇ ಸಂಖ್ಯೆ ಇಂದಿನ ದೂರಸಂಪರ್ಕದಲ್ಲಿಯೂ ಇದೆ. ಆಪ್ಟಿಕಲ್ ಫೈಬರ್ ಎಳೆಯ ತಿರುಳಿನ ಅಗಲ, ಬೆಳಕಿನ ತರಂಗಾಂತರ ಹಾಗೂ ಗಾಜಿನ ವಕ್ರೀಭವನಾಂಕಗಳಿಂದ ಒಂದು ಅಂಕವನ್ನು ಲೆಕ್ಕ ಹಾಕಲಾಗುತ್ತದೆ. ತಿರುಳಿನ ವಕ್ರೀಭವನಾಂಕ ಎಲ್ಲೆಡೆ ಸಮಾನವಾಗಿರುವ ಎಳೆಯಲ್ಲಿ ಆ ಅಂಕವು 2.405ಕ್ಕಿಂತ ಕಡಿಮೆ ಇದ್ದರೆ ಬೆಳಕು ಒಂದೇ ಕ್ರಮದಲ್ಲಿ ಸಾಗುವುದರಿಂದ, ಸಂಕೇತಗಳು ಒಂದರೊಡನೊಂದು ಬೆರೆಯದೆ ಬಹುದೂರ ತಲುಪುತ್ತವೆ.