ಪಾರ್ಲಿಮೆಂಟಿನ ಅಂಗಳದಾಗ ನಿಂತ ಬಾಬಾಸಾಹೇಬರು



ಉಮರ್ಗಾ, ನಿಲಂಗಾ, ಉದಗೀರ ಕಡೆ ಊರೂರಲ್ಲಿ ನೀವು ಬಾಬಾಸಾಹೇಬರ ಮೂರ್ತಿ ನೋಡೇ ಇರ್ತೀರಿ. ನೀಲಿ ಕೋಟು, ಎಡಗೈಯಾಗ ಸಂವಿಧಾನದ ಪುಸ್ತಕ, ಮುಂದಕ್ಕೆ ಚಾಚಿದ ಬಲಗೈ ಬೆರಳು. ಜಯಂತಿ ದಿನ ಹಾರ ಹಾಕುತ್ತೇವೆ, ಮೆರವಣಿಗೆ ತೆಗೆಯುತ್ತೇವೆ. ಇಂಥದೇ ಕಂಚಿನ ಮೂರ್ತಿ ದಿಲ್ಲಿಯ ಪಾರ್ಲಿಮೆಂಟಿನ ಅಂಗಳದಾಗೂ ಅದ. ಅದು ಅಲ್ಲಿಗೆ ಸುಮ್ಮನೆ ಬಂದದ್ದಲ್ಲ. ಅದರ ಹಿಂದಿನ ಬದುಕು ತಿಳಕೊಂಡರೆ ನಮ್ಮ ಓಣಿಯ ಮೂರ್ತಿಯೂ ಬೇರೆಯೇ ಕಾಣುತ್ತದೆ.

1891ರ ಏಪ್ರಿಲ್ 14ರಂದು ಮಹೂ ಎಂಬ ದಂಡಿನ ಊರಲ್ಲಿ ಸುಭೇದಾರ ರಾಮಜಿ ಮತ್ತು ಭೀಮಾಬಾಯಿ ಅವರ ಹದಿನಾಲ್ಕನೇ ಮಗುವಾಗಿ ಭೀಮರಾವ್ ಹುಟ್ಟಿದರು. ಸಾತಾರಾದ ಶಾಲೆಯಾಗ ಕೂರಲು ಮನೆಯಿಂದಲೇ ಗೋಣಿತಟ್ಟು ಒಯ್ಯಬೇಕಿತ್ತು. ಜವಾನ ಮೇಲಿನಿಂದ ಸುರಿದರೆ ನೀರು, ಅವನು ಬರದಿದ್ದರೆ ದಿನವಿಡೀ ಬಾಯಾರಿಕೆ. ಅದೇ ಹುಡುಗ 1913ರಲ್ಲಿ ಬರೋಡಾ ಮಹಾರಾಜರ ನೆರವಿನಿಂದ ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಆಮೇಲೆ ಲಂಡನ್ನಿನಲ್ಲೂ ಓದಿದರು. 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದರೆ ಇರಲು ಒಂದು ಬಾಡಿಗೆ ಕೋಣೆ ಸಿಗಲಿಲ್ಲ. ನೋಡ್ರಿ, ಓದು ದೊಡ್ಡದಾಯಿತು, ಜಾತಿ ಮಾತ್ರ ಬಾಗಿಲಲ್ಲೇ ನಿಂತಿತ್ತು.

1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿ ಮನುಷ್ಯರ ಹಕ್ಕು ಕೇಳಿದರು. 1941ರ ಫೆಬ್ರವರಿಯಲ್ಲಿ ನಮ್ಮ ಧಾರಾಶಿವ ಜಿಲ್ಲೆಯ ಕಸಬೆ ತಡವಳೆಗೇ ಬಂದಿದ್ದರು. ವತನದ ಹೆಸರಲ್ಲಿ ಹಗಲು ರಾತ್ರಿ ಊರಿನ ಚಾಕರಿ ಮಾಡುತ್ತಿದ್ದ ಮಹಾರ, ಮಾಂಗ ಜನರ ಪರಿಷತ್ತು ಅದು. ಅಂದರೆ ಅವರು ದಿಲ್ಲಿ, ಮುಂಬೈಗಷ್ಟೇ ಸೇರಿದವರಲ್ಲ, ನಮ್ಮ ನೆಲವನ್ನೂ ಮೆಟ್ಟಿದವರು.

ಸಂವಿಧಾನ ಸಭೆಗೆ ಅವರು ಮೊದಲು ಬಂಗಾಳದಿಂದ ಆರಿಸಿ ಬಂದರು. ದೇಶ ಇಬ್ಭಾಗವಾದಾಗ ಆ ಜಾಗ ಹೋಯಿತು, ಮುಂಬೈಯಿಂದ ಮತ್ತೆ ಬಂದರು. 1947ರ ಆಗಸ್ಟ್ 29ರಂದು ನೇಮಕವಾದ ಕರಡು ಸಮಿತಿಗೆ ಅವರೇ ಅಧ್ಯಕ್ಷರು. ಹಳೆಯ ಪಾರ್ಲಿಮೆಂಟಿನ ಸೆಂಟ್ರಲ್ ಹಾಲ್‌ನಲ್ಲಿ ಸಭೆ ಕೂಡುತ್ತಿತ್ತು. ಆ ನಡುವೆಯೇ, 1948ರ ಸೆಪ್ಟೆಂಬರಿನಲ್ಲಿ, ನಮ್ಮ ಭಾಗ ನಿಜಾಮನ ಆಳಿಕೆಯಿಂದ ಹೊರಬಂತು. 1949ರ ನವೆಂಬರ್ 26ರಂದು ಸಭೆ ಸಂವಿಧಾನವನ್ನು ಒಪ್ಪಿತು. ಅದರ 17ನೇ ಕಲಮು ಅಸ್ಪೃಶ್ಯತೆಯನ್ನೇ ರದ್ದು ಮಾಡಿತು.

ಇಷ್ಟು ಮಾಡಿದವರನ್ನು ದೇಶ ಗೆಲ್ಲಿಸಿತೇ? ಇಲ್ಲ. 1952ರ ಲೋಕಸಭೆ ಚುನಾವಣೆಯಲ್ಲಿ ಮುಂಬೈಯಲ್ಲಿ ಸೋತರು, 1954ರಲ್ಲಿ ಭಂಡಾರಾದಲ್ಲೂ ಸೋತರು. ರಾಜ್ಯಸಭೆಯ ಬಾಗಿಲಿನಿಂದಲೇ ಅವರು ಪಾರ್ಲಿಮೆಂಟಿಗೆ ಹೋಗಬೇಕಾಯಿತು. 1956ರ ಡಿಸೆಂಬರ್ 6ರಂದು ತೀರಿಕೊಂಡರು.

ಜನ ಮಾತ್ರ ಮರೆಯಲಿಲ್ಲ. ಅವರು ಬದುಕಿದ್ದಾಗಲೇ, 1950ರ ಡಿಸೆಂಬರಿನಲ್ಲಿ, ಕೊಲ್ಹಾಪುರದ ಬಿಂದು ಚೌಕದಾಗ ಮಹಾತ್ಮಾ ಫುಲೆಯವರ ಜೊತೆ ಅವರ ಎದೆಮಟ್ಟದ ಮೂರ್ತಿ ನಿಂತಿತ್ತು. ಪಾರ್ಲಿಮೆಂಟಿನ ಮೂರ್ತಿ ಮಾಡಿದವರು ಶಿಲ್ಪಿ ಬಿ.ವಿ. ವಾಘ್. ಅದನ್ನು ಕೊಟ್ಟದ್ದು ಸರಕಾರವಲ್ಲ, ಅಂಬೇಡ್ಕರ್ ಸ್ಮಾರಕ ಸಮಿತಿ. 1967ರ ಏಪ್ರಿಲ್ 2ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅನಾವರಣ ಮಾಡಿದರು. ಸೆಂಟ್ರಲ್ ಹಾಲ್‌ನಲ್ಲಿ ಅವರ ಭಾವಚಿತ್ರ ಏರಲು 1990 ಬರಬೇಕಾಯಿತು. ಸಂವಿಧಾನ ರೂಪುಗೊಂಡ ಅದೇ ಹಾಲ್‌ನಲ್ಲಿ ಅವರ ಪಟಕ್ಕೆ ನಾಲ್ವತ್ತು ವರ್ಷ! 2024ರಲ್ಲಿ ಮೂರ್ತಿಯನ್ನು ಅದೇ ಆವರಣದ ಪ್ರೇರಣಾ ಸ್ಥಳಕ್ಕೆ ಸರಿಸಲಾಯಿತು.

ಈಗ ನಮ್ಮ ಮಾತಿಗೆ ಬರೋಣ. ಮೂರ್ತಿ ಎಲ್ಲಿರಬೇಕು, ಎಷ್ಟು ಎತ್ತರ ಇರಬೇಕು ಅಂತ ನಾವು ರಾತ್ರಿಯೆಲ್ಲ ವಾದ ಮಾಡುತ್ತೇವೆ. ಗ್ರಾಮಸಭೆಗೆ ಎಷ್ಟು ಮಂದಿ ಹೋಗುತ್ತೇವೆ? ಮೂರ್ತಿಯ ಕೈಯಾಗಿನ ಪುಸ್ತಕ ತೆರೆಯೋದಿಲ್ಲ, ಅದು ಸಿಮೆಂಟಿನದು. ತೆರೆಯುವ ಪುಸ್ತಕ ನಮ್ಮ ಮನೆಯಾಗಿರಬೇಕು. ಕನ್ನಡದಲ್ಲೂ ಸಿಗುತ್ತದೆ, ಮರಾಠಿಯಲ್ಲೂ ಸಿಗುತ್ತದೆ. ಬರುವ ನವೆಂಬರ್ 26ರಂದು ಹಾರದ ಜೊತೆ ಒಂದು ಪ್ರತಿ ತರ್ರಿ. 14, 15, 17ನೇ ಕಲಮುಗಳನ್ನು ಮಕ್ಕಳ ಕೈಲಿ ಗಟ್ಟಿಯಾಗಿ ಓದಿಸ್ರಿ. ದೊಡ್ಡವರು ಸುತ್ತ ಕೂತು ಕೇಳಲಿ.

ಜೈ ಭೀಮ!